ಕನಜಾವಾ ತೋರಿಸಿದ ಒಸಾಕಾ ಸೊಸೆ

ಜಪಾನಿನ ಕನಜಾವಾದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಕೊರಳಲ್ಲಿ ಪ್ರವಾಸಿ ಗೈಡುಗಳ ಹೊಸ ಬಿಲ್ಲೆ ತೂಗುತ್ತಿತ್ತು. ಅದರ ಮೇಲೆ ಚಿಜುರು ಎಂದು ಬರೆದಿತ್ತು.

"ನಿಜ ಹೇಳಿ ಅತ್ತೆ, ನಾನು ಊರು ತೋರಿಸ್ತಿದ್ದ ಗುಂಪಿನ ಹಿಂದೆ ಮಾಸ್ಕ್ ಹಾಕ್ಕೊಂಡು ಬರ್ತಿದ್ದೋರು ನೀವೇ ತಾನೆ?"

"ನಾನ್ಯಾಕೆ ಬರ್ಲಿ? ಮೀನು ತರೋಕೆ ಹೊರಟಿದ್ದೆ."

"ಮೀನಿನ ಮಾರ್ಕೆಟ್ಟು ಆ ಕಡೆ ಅಲ್ವಾ?"

"ಒಸಾಕಾದವಳು ನನಗೇ ನಮ್ಮೂರ ದಾರಿ ಹೇಳ್ಕೊಡ್ತೀಯಾ?"

"ಬೆಳಗ್ಗೆಯಿಂದ ಅದೇ ತಾನೆ ಮಾಡಿದ್ದು!"

ಅತ್ತೆಗೆ ನಗು ತಡೆಯಲಾಗಲಿಲ್ಲ.

"ತಪ್ಪು ಹಿಡಿಯೋಕೇ ಬಂದೆ ಕಣೆ. ಪರ ಊರಿನವಳು ನಮ್ಮೂರು ತೋರಿಸ್ತಾಳಂತೆ ಅಂತ ಬೀದಿಯೋರೆಲ್ಲ ಆಡ್ಕೋತಿದ್ರಲ್ಲ."

"ಮೊದಲು ಆಡ್ಕೊಂಡಿದ್ದು ನೀವೇ."

"ಹೂಂ, ನಾನೇ."

"ತಪ್ಪು ಸಿಕ್ತಾ?"

"ಸಾಮುರಾಯ್ ಬೀದಿ ಗೋಡೆಗೆ ಹುಲ್ಲಿನ ಚಾಪೆ ಯಾಕೆ ಹೊದಿಸಿದ್ದಾರೆ ಅಂತ ಒಬ್ಬರು ಕೇಳಿದ್ರಲ್ಲ..."

"ಹಿಮದ ನೀರು ಇಳಿದು ಮಣ್ಣು ಉದುರದ ಹಾಗೆ ಅಂದೆ. ತಪ್ಪಾ?"

"ಅಪ್ಪಟ ನಮ್ಮೂರ ಮಾತಲ್ಲಿ ಹೇಳಿದೆ ನೋಡು! ಪಕ್ಕದಲ್ಲಿದ್ದ ಟೋಕಿಯೋ ಹೆಂಗಸು, 'ಈಕೆ ಇಲ್ಲೇ ಹುಟ್ಟಿ ಬೆಳೆದೋರಿರಬೇಕು' ಅಂದ್ಲು."

"ನೀವೇನಂದ್ರಿ?"

"'ಮತ್ತೆ? ನಮ್ಮನೆ ಹುಡುಗಿ' ಅಂದೆ."

ಸೊಸೆ ಅತ್ತೆಯ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ಅಳೋದೆಲ್ಲ ಬೇಡ. ಬಸ್ ಬಂತು, ಏಳು."

"ಇನ್ನೊಂದು ಸಲ ಹೇಳಿ ಅತ್ತೆ."

"ಏನನ್ನ?"

"ಆ ಹೆಂಗಸಿಗೆ ಅಂದಿದ್ದನ್ನ."

"ನಾಳೆ ಬೀದಿಯೋರನ್ನೆಲ್ಲ ನಿನ್ನ ಹಿಂದೆ ನಡೆಸ್ಕೊಂಡು ಬರ್ತೀನಿ. ಅಲ್ಲೇ ಹೇಳ್ತೀನಿ, ಎಲ್ಲರ ಮುಂದೆ, ಗಟ್ಟಿಯಾಗಿ!"

ಸೊಸೆ ಬಾಯ್ತುಂಬ ನಗುತ್ತ ಬಸ್ ಹತ್ತಿದಳು. ಅತ್ತೆ ಹಿಂದೆಯೇ ಹತ್ತಿದರು.