ಎಡಗಡೆ ಮೂರು ಬೆರಳು

ಮೆಕ್ಯಾನಿಕ್ ಹಿಂದಿನ ಬಲಚಕ್ರದ ಮೇಲೆ ಕೈ ತೂರಿಸಿದ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸರಿಯಾಗಿ ಹೋದವು. ಹಿಂದಿನ ಎಡಕ್ಕೆ ಬಂದ. ನಾಲ್ಕು. ಮುಂದಿನ ಬಲ. ನಾಲ್ಕು. ಮುಂದಿನ ಎಡಕ್ಕೆ ಬಂದು ಕೂತ. ಕಿರುಬೆರಳು ಹೊರಗೇ ಉಳಿಯಿತು.

ಮೂರು.

ಗಾಡಿಯೊಳಗೆ ಯಾರೂ ಇರಲಿಲ್ಲ.

ಹಳೆ ಕಾರು ನೋಡುವಾಗ ಅವನದು ಇದೇ ಪದ್ಧತಿ. ಎಂಜಿನ್ ಆಮೇಲೆ, ಬಣ್ಣ ಆಮೇಲೆ. ಮೊದಲು ಗಾಡಿ ನೆಟ್ಟಗೆ ನಿಂತಿದೆಯೇ ನೋಡಬೇಕು. ಮೂವತ್ತೈದು ವರ್ಷದಿಂದ ಅದೇ ಕೈ, ಅದೇ ಅಳತೆ. ಬೀದಿಯಲ್ಲಿ ಅವನಿಗೆ ನಾಲ್ಕುಬೆರಳು ಅಂತಲೇ ಹೆಸರು.

ಕಾರು ಬೇಕಾಗಿದ್ದದ್ದು ಅಕ್ಕನ ಮಗಳಿಗೆ. ಹುಡುಗಿಗೆ ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕೆಲಸ ಮುಗಿಯುವುದು ರಾತ್ರಿ ಹತ್ತಕ್ಕೆ, ಕೊನೆ ಬಸ್ಸು ಒಂಬತ್ತೂವರೆಗೆ. ಲೈಸೆನ್ಸ್ ಬಂದು ಎರಡು ತಿಂಗಳು.

"ಚಿಕ್ಕ ಗಾಡಿ ಸಾಕು. ಹಳೇದಾದ್ರೂ ಪರವಾಗಿಲ್ಲ. ನಡುದಾರೀಲಿ ಕೈಕೊಡಬಾರದು ಅಷ್ಟೆ," ಅಂದಿದ್ದಳು ಅಕ್ಕ. "ನೀನು ಹೂಂ ಅಂದ್ರೆ ತಗೋತೀನಿ. ಇಲ್ಲಾಂದ್ರೆ ಇಲ್ಲ."

ಆರು ಕಾರಿಗೆ ಅವನು ಇಲ್ಲ ಅಂದಿದ್ದ. ಒಂದು ನೀರಿನಲ್ಲಿ ಮುಳುಗಿ ಎದ್ದದ್ದು, ಸೀಟಿನ ಕೆಳಗೆ ತುಕ್ಕು. ಒಂದರ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರು. ಮತ್ತೊಂದರ ಬಾಗಿಲು ಬೇರೆ ಗಾಡಿಯದು.

"ಮಾವ, ನೀವು ಕಾರು ನೋಡ್ತಿದ್ದೀರೋ, ನಂಗೆ ಗಂಡು ನೋಡ್ತಿದ್ದೀರೋ?" ಅಂದಿದ್ದಳು ಹುಡುಗಿ.

"ಗಂಡಾದ್ರೆ ಇಷ್ಟು ನೋಡ್ತಿರಲಿಲ್ಲ. ಬೇಡ ಅಂದ್ರೆ ವಾಪಸ್ ಬರಬಹುದು."

ಇದು ಏಳನೆಯದು. ಬಿಳಿ ಬಣ್ಣ, ಸಣ್ಣ ಗಾಡಿ. ಎಂಜಿನ್ ಸದ್ದು ಹೊಲಿಗೆ ಯಂತ್ರದ ಹಾಗೆ. ಎಣ್ಣೆ ತೊಟ್ಟಿಕ್ಕಿಲ್ಲ. ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಬ್ರೇಕ್ ತುಳಿದರೆ ನೆಟ್ಟಗೆ ನಿಲ್ಲುತ್ತದೆ. ಬೆಲೆಯೂ ಹೆಚ್ಚಿಲ್ಲ. ಮೂರು ಬೆರಳೊಂದೇ ತಕರಾರು.

ಮಾರುವವನು ದಪ್ಪ ಕನ್ನಡಕದ ಮನುಷ್ಯ. ಗಾಡಿಯಿಂದ ದೂರವೇ ನಿಂತಿದ್ದ.

"ಎಷ್ಟು ಕೈ ಬದಲಾಗಿದೆ?"

"ನಾನೊಬ್ಬನೇ ಓಡಿಸಿದ್ದು."

"ಯಾಕೆ ಮಾರ್ತೀರಿ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದು ಒರೆಸಿದ.

"ಸಾಕಾಯ್ತು," ಅಂದ.

ಮೆಕ್ಯಾನಿಕ್ ಸರ್ವಿಸ್ ಪುಸ್ತಕ ತೆರೆದ. ಎಲ್ಲಾ ಸರಿಯಾಗಿತ್ತು. ಒಂದು ಕಡೆ ಕಣ್ಣು ನಿಂತಿತು. ಮುಂದಿನ ಎಡ ಸ್ಪ್ರಿಂಗ್ ಬದಲಾವಣೆ. ನಾಲ್ಕು ತಿಂಗಳ ನಂತರ ಮತ್ತೆ ಅದೇ. ವರ್ಷ ಕಳೆದು ಮತ್ತೆ... ಮೂರು ಸಲ.

ಕಳಪೆ ಮಾಲು ಹಾಕಿದ್ದಾರೆ ಅಂದುಕೊಂಡ. ಪುಸ್ತಕ ಮುಚ್ಚಿದ.

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಹುಡುಗಿ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದಳು.

"ಹೂಂ," ಅಂದ.

ಬರುವಾಗ ಹುಡುಗಿಯೇ ಓಡಿಸಿದಳು. ಅವನು ಹಿಂದೆ ಕೂತ. ಗಾಡಿಯ ಸದ್ದು ಹಿಂದಿನ ಸೀಟಿನಲ್ಲೇ ಚೆನ್ನಾಗಿ ಕೇಳುತ್ತದೆ. ಮಗಳು ಓಡಿಸುವಾಗ ಮುಂದೆ ಕೂರಲು ಅಕ್ಕನಿಗೆ ಧೈರ್ಯ ಸಾಲದು. ಅವಳೂ ಹಿಂದೆ ಕೂತಳು. ಗಾಡಿ ಗೇಟು ದಾಟುವಾಗ ಕನ್ನಡಕದವನು ಕೈಯೆತ್ತಿದ. ಹುಡುಗಿಗಲ್ಲ. ಹಿಂದೆ ಕೂತವರಿಗೂ ಅಲ್ಲ. ಮುಂದಿನ ಎಡ ಕಿಟಕಿಗೆ.

ಮರುದಿನ ಗ್ಯಾರೇಜಿನಲ್ಲಿ ಹೊಸ ಸ್ಪ್ರಿಂಗ್ ಹಾಕಿದ. ಗಾಡಿ ಇಳಿಸಿ ಬೆರಳಿಟ್ಟ.

ಮೂರು.

ಬಿಚ್ಚಿದ. ಎಡದ್ದನ್ನೂ ಬಲದ್ದನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದ. ಒಂದೇ ಎತ್ತರ. ಅದಲುಬದಲು ಮಾಡಿ ಹಾಕಿದ. ಜಾಕ್ ಇಳಿಸಿದ. ಬಲಗಡೆ ಸದ್ದಿಲ್ಲದೆ ಕೂತಿತು. ಎಡಗಡೆ... ಕಿರ್ರ್ರ್... ಅಂತ ನಿಧಾನಕ್ಕೆ ಇಳಿಯಿತು. ದಪ್ಪ ಆಸಾಮಿ ಹಳೆ ಮಂಚದ ಮೇಲೆ ಹುಷಾರಾಗಿ ಕೂತ ಹಾಗೆ.

ಮೂರು.

ಸಂಜೆ ಅಕ್ಕ ಫೋನ್ ಮಾಡಿದಳು. "ನಾಳೆಯಿಂದ ಪುಟ್ಟಿಗೆ ಮತ್ತೆ ರಾತ್ರಿ ಹತ್ತರವರೆಗೆ ಡ್ಯೂಟಿ. ಗಾಡಿ ಆಯ್ತೇನೋ?"

ಆಗಿಲ್ಲ, ಯಾಕೆಂದು ಗೊತ್ತಾಗುತ್ತಿಲ್ಲ ಅನ್ನಬೇಕಿತ್ತು. ಮೂವತ್ತೈದು ವರ್ಷದಲ್ಲಿ ಆ ಮಾತು ಆಡಿದವನಲ್ಲ.

"ಆಯ್ತು," ಅಂದ.

ಆಮೇಲೆ ಒಂದು ಕೆಲಸ ಮಾಡಿದ. ಸ್ಪ್ರಿಂಗಿನ ಸುರುಳಿಯ ನಡುವೆ ರಬ್ಬರ್ ಗಟ್ಟಿ ತುರುಕಿದ. ಕೂತುಹೋದ ಗಾಡಿಯನ್ನು ಮಾರಲು ಕಳ್ಳ ದಲ್ಲಾಳಿಗಳು ಮಾಡುವ ಕೆಲಸ. ಹಿಂದೊಮ್ಮೆ ಹೀಗೆ ಮಾಡಿದ ಕೆಲಸಗಾರನೊಬ್ಬನನ್ನು ಅವನು ಆ ದಿನವೇ ಮನೆಗೆ ಕಳಿಸಿದ್ದ.

ಬೆರಳಿಟ್ಟ. ನಾಲ್ಕು.

ಎಂಟು ದಿನ ಸುದ್ದಿಯಿಲ್ಲ. ಒಂಬತ್ತನೆಯ ದಿನ ಹುಡುಗಿ ಗ್ಯಾರೇಜಿಗೆ ಬಂದಳು. ಮುಖ ಇಳಿದಿತ್ತು.

"ಮಾವ, ಗಾಡಿ ಎಡಕ್ಕೆ ಎಳೆಯುತ್ತೆ."

"ಎಲ್ಲಿ?"

"ಬಾವಿ ತಿರುವಲ್ಲಿ. ಅಲ್ಲಿ ಮಾತ್ರ. ರಾತ್ರಿ ಬರೋವಾಗ."

ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಹಾಳು ಬಾವಿಯೊಂದಿದೆ. ರಸ್ತೆ ಅದರ ಪಕ್ಕದಲ್ಲೇ ತಿರುಗುತ್ತದೆ. ಕಟ್ಟೆ ಮೊಣಕಾಲೆತ್ತರ. ಬಾವಿ ಇರುವುದು ಎಡಕ್ಕೆ.

"ಮೊದಲ ದಿನ ಸ್ವಲ್ಪ. ನಿನ್ನೆ ಎರಡು ಕೈಲೂ ಹಿಡಿದೆ. ಆದ್ರೂ..." ಅವಳು ಅಂಗೈ ತೋರಿಸಿದಳು. ಕೆಂಪಾಗಿ ಗೀರು ಬಿದ್ದಿತ್ತು. "ಅಮ್ಮಂಗೆ ಹೇಳ್ಬೇಡಿ. ಗಾಡಿ ಕಿತ್ಕೋತಾಳೆ."

ರಬ್ಬರ್ ಇಟ್ಟರೆ ಗಾಡಿ ಎಡಕ್ಕೆ ಎಳೆಯಬಹುದು. ಆದರೆ ಎಳೆದರೆ ಎಲ್ಲ ಕಡೆ ಎಳೆಯಬೇಕು... ಹಗಲಲ್ಲೂ.

"ಇವತ್ತು ರಾತ್ರಿ ನಾನೂ ಬರ್ತೀನಿ," ಅಂದ.

ಹತ್ತು ಗಂಟೆಗೆ ಆಸ್ಪತ್ರೆಯ ಗೇಟಿನ ಮುಂದೆ ನಿಂತಿದ್ದ. ಈ ಸಲ ಹಿಂದೆ ಕೂರಲಿಲ್ಲ. ಮುಂದಿನ ಎಡ ಬಾಗಿಲು ತೆರೆದು ಕೂತ. ಸೀಟು ಬೆಚ್ಚಗಿತ್ತು. ಗಾಡಿ ಮಧ್ಯಾಹ್ನದಿಂದ ಅಲ್ಲೇ, ನೆರಳಿನಲ್ಲಿ ನಿಂತಿತ್ತು.

ಅವನು ಬಾಗಿಲು ಹಾಕಿಕೊಂಡ.

ಅಂಗಡಿಸಾಲು ಮುಗಿಯಿತು. ಬೀದಿದೀಪ ಮುಗಿದವು. ಗಾಡಿ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ದೂರದಲ್ಲಿ ಕಟ್ಟೆಯ ಸುಣ್ಣ ಬೆಳ್ಳಗೆ ಕಂಡಿತು.

"ಪುಟ್ಟಿ..."

"ಏನು ಮಾವ?"

"ಸ್ಪ್ರಿಂಗಲ್ಲಿ ರಬ್ಬರ್ ಇಟ್ಟಿದ್ದೀನಿ. ಮೋಸದ ಕೆಲಸ. ನಿಂಗೆ ಹೇಳ್ಬೇಕಿತ್ತು."

ಅವಳಿಗೆ ಉತ್ತರ ಕೊಡಲು ಸಮಯವಿರಲಿಲ್ಲ. ಕಾಲ ಕೆಳಗೆ... ಕಿರ್ರ್ರ್... ಗಾಡಿಯ ಮೂತಿ ಎಡಕ್ಕೆ ವಾಲಿತು. ಸ್ಟೀರಿಂಗ್ ಎಡಕ್ಕೆ ತಿರುಗಿತು. ಹುಡುಗಿ ಹಲ್ಲು ಕಚ್ಚಿ ಬಲಕ್ಕೆ ಜಗ್ಗುತ್ತಿದ್ದಳು. ಮೆಕ್ಯಾನಿಕ್ ಕೈ ಚಾಚಿ ಹಿಡಿದ. ಮೂವತ್ತೈದು ವರ್ಷ ಸ್ಪ್ಯಾನರ್ ತಿರುಗಿಸಿದ ಕೈ. ಸ್ಟೀರಿಂಗ್ ಕದಲಲಿಲ್ಲ.

"ಬ್ರೇಕ್," ಅಂದ.

ಗಾಡಿ ನಿಂತಾಗ ಕಟ್ಟೆಗೂ ಬಂಪರಿಗೂ ಒಂದು ಗೇಣು ಉಳಿದಿತ್ತು. ಎಂಜಿನ್ ಆಫ್ ಆಯಿತು. ಬಾವಿಯೊಳಗೆ ಎಲ್ಲೋ ಆಳದಲ್ಲಿ ಸಣ್ಣ ಕಲ್ಲೊಂದು ಬಿತ್ತು... ಟುಳುಂಕ್.

ಅವನು ಇಳಿದ. ಎಡಚಕ್ರದ ಪಕ್ಕ ಕೂತು ಕೈಯಿಟ್ಟ. ತಾನು ಇಳಿದಾಗಿದೆ. ಸೀಟು ಖಾಲಿ. ಕೈ ಒಳಗೆ ಹೋಗಲೇ ಇಲ್ಲ. ಎರಡು ಬೆರಳು, ಅಷ್ಟೆ.

ಎದ್ದ. ಎಡ ಬಾಗಿಲನ್ನು ಪೂರ್ತಿ ತೆರೆದು ಹಿಡಿದ.

"ಮಾವ, ಯಾರಿಗೆ ಬಾಗಿಲು..." ಹುಡುಗಿಯ ದನಿ ಪಿಸುಗುಟ್ಟಿತು.

"ಸುಮ್ನಿರು."

ಖಾಲಿ ಸೀಟಿನ ಕಡೆ ಬಗ್ಗಿದ. ಮೆಲ್ಲಗೆ ಹೇಳಿದ.

"ಅವಳು ಮಗು. ಗಾಡಿಗೆ ಹೂಂ ಅಂದವನು ನಾನು. ಏನಿದ್ರೂ ನನ್ನ ಜೊತೆ. ಇಳಿ."

ಏನೂ ಆಗಲಿಲ್ಲ. ಬಿಸಿ ಎಂಜಿನ್ ತಣಿಯುವ ಸದ್ದು... ಟಿಣ್... ಟಿಣ್... ಆಮೇಲೆ ಅದೂ ನಿಂತಿತು.

"ಇಳಿ," ಅಂದ ಮತ್ತೊಮ್ಮೆ.

ಕಿರ್ರ್... ಟಕ್.

ಗಾಡಿಯ ಎಡಮೂತಿ ಮೇಲೆದ್ದಿತು. ಅವನ ಕಾಲ ಬಳಿ ಜಲ್ಲಿ ಅದುಮಿದ ಸದ್ದು. ಒಂದೇ ಸಲ. ಕರುಕ್.

ಬಗ್ಗಿ ಬೆರಳಿಟ್ಟ. ನಾಲ್ಕೂ ಹೋಗಿ ಇನ್ನೊಂದು ಬೆರಳಿಗೆ ಜಾಗವಿತ್ತು. ಐದು. ರಬ್ಬರ್ ಗಟ್ಟಿಯ ದಪ್ಪ ಸರಿಯಾಗಿ ಒಂದು ಬೆರಳು.

ಬಾಗಿಲು ಮೆಲ್ಲಗೆ ಮುಚ್ಚಿದ.

"ರಿವರ್ಸ್ ತಗೋ. ಮನೆಗೆ ಹೋಗು. ಎಲ್ಲೂ ನಿಲ್ಲಿಸಬೇಡ."

"ನೀವು ಹತ್ತಿ ಮಾವ!"

"ನಡ್ಕೊಂಡು ಬರ್ತೀನಿ."

"ಈ ಹೊತ್ತಲ್ಲಿ? ಒಬ್ಬರೇ?"

ಅವನು ಬಾನೆಟ್ ತಟ್ಟಿ ಹಿಂದೆ ಸರಿದ. ಹುಡುಗಿ ಅತ್ತುಕೊಂಡೇ ಗಾಡಿ ತಿರುಗಿಸಿದಳು. ಹಿಂದಿನ ಕೆಂಪು ದೀಪ ಮರೆಯಾಗುವವರೆಗೆ ನಿಂತಿದ್ದ. ಆಮೇಲೆ ನಡೆದ. ಎರಡು ಮೈಲಿ. ತನ್ನ ಚಪ್ಪಲಿ ಸದ್ದು... ಚರ್ ಚರ್. ಎಡಗಡೆ, ಅರ್ಧ ಹೆಜ್ಜೆ ಹಿಂದೆ... ಕರುಕ್... ಕರುಕ್. ಅತ್ತ ತಿರುಗಿ ನೋಡಲಿಲ್ಲ.

ಮರುದಿನ ರಬ್ಬರ್ ತೆಗೆದ. ನಾಲ್ಕು ಚಕ್ರಕ್ಕೂ ನಾಲ್ಕು ಬೆರಳು. ಗಾಡಿ ಇವತ್ತಿಗೂ ಆ ಹುಡುಗಿಯ ಹತ್ತಿರವೇ ಇದೆ. ಏಳು ವರ್ಷ ಆಯಿತು. ಒಂದು ದಿನ ಕೈಕೊಟ್ಟಿಲ್ಲ.

ನಡೆದದ್ದು ಇಷ್ಟು. ಹೇಳಿದವನು ಮೆಕ್ಯಾನಿಕ್ಕೇ. ಕತೆ ಕಟ್ಟುವ ಜಾತಿಯಲ್ಲ ಅವನು. ಹುಡುಗಿಯನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ.

ಅವನ ಸ್ಕೂಟರ್ ದಿನಾ ಈ ಬೀದಿಯಲ್ಲೇ ನಿಂತಿರುತ್ತದೆ. ಹಿಂದಿನ ಸೀಟಿಗೆ ಯಾರನ್ನೂ ಹತ್ತಿಸುವುದಿಲ್ಲ. ಕೇಳಿದರೆ ಜಾಗ ಇಲ್ಲ ಅನ್ನುತ್ತಾನೆ. ಖಾಲಿ ನಿಂತಾಗ ಹಿಂದಿನ ಚಕ್ರದ ಮೇಲೆ ಬೆರಳಿಟ್ಟು ನೋಡಿದ್ದಾಗಿದೆ.

ಮೂರು.