ಇನ್ನೊಂದು ಫೋನಿನಲ್ಲಿ ಓಡುತ್ತಿದ್ದ ಸಿನಿಮಾ

ಹೊತ್ತಾಗಿದೆ, ಆ ಹಾಳು ಬಾವಿ ದಾರೀಲಿ ಹೋಗಬೇಡಿ. ಸುಮ್ಮನೆ ಹೆದರಿಸ್ತಿಲ್ಲ... ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು.

ಆ ಅಣ್ಣನ ಕೆಲಸ ಸಿನಿಮಾ ಆ್ಯಪ್‌ಗಳನ್ನ ಪರೀಕ್ಷೆ ಮಾಡೋದು. ಬೇಗ ಶುರುವಾಗುತ್ತಾ, ಮಧ್ಯೆ ನಿಲ್ಲುತ್ತಾ, ಮಾತು ತುಟಿಗೆ ಹೊಂದುತ್ತಾ ಅಂತ ನೋಡಿ ಆಫೀಸಿಗೆ ವರದಿ ಕೊಡಬೇಕು. ಆಗ ಅವನ ಕೈಗೆ ಬಂದಿದ್ದು ಬರೀ ಕಪ್ಪು ಬಿಳುಪು ಸಿನಿಮಾಗಳ ಒಂದು ಪುಟ್ಟ ಆ್ಯಪ್. ತನ್ನ ಖಾತೆಯನ್ನೇ ದೊಡ್ಡಪ್ಪನ ಫೋನಿಗೂ ಹಾಕಿಕೊಟ್ಟ. ಹಾಸಿಗೆ ಹಿಡಿದಿದ್ದ ಅವರಿಗೆ ಅದೇ ಪ್ರಾಣ ಆಯ್ತು. ಆದರೆ ಒಂದು ಖಾತೆಗೆ ಒಂದೇ ಫೋನು. ಅಣ್ಣ ಆಫೀಸಲ್ಲಿ ತೆರೆದರೆ, 'ಇನ್ನೊಂದು ಫೋನಿನಲ್ಲಿ ಸಿನಿಮಾ ಓಡುತ್ತಿದೆ. ಅಲ್ಲಿ ನಿಲ್ಲಿಸಲೇ?' ಅಂತ ಕೇಳೋದು. ಇವನು 'ಹೌದು' ಒತ್ತೋನು. ಮನೇಲಿ ದೊಡ್ಡಪ್ಪನ ಕೈಲಿ ಸಿನಿಮಾ ತಟ್ಟನೆ ನಿಂತುಹೋಗೋದು. ಈ ಕಟ್ಟುನಿಟ್ಟನ್ನ ವರದೀಲಿ ಹೊಗಳಿ ಬೇರೆ ಬರೆದಿದ್ದ.

"ಕೊನೆಗೆ ಅವಳು ಸಿಕ್ಕಿದಳೇನೋ?" ಅಂತ ದೊಡ್ಡಪ್ಪ ಸಂಜೆ ಆ ಸಿನಿಮಾದ ನಾಯಕಿ ಬಗ್ಗೆ ಕೇಳೋರು.

"ಸಿಗದೆ ಎಲ್ಲಿಗೆ ಹೋಗ್ತಾಳಪ್ಪ, ಮಲಗು."

ಇನ್ನೊಂದು ಖಾತೆ ಮಾಡಿಕೊಡೋಕೆ ಎಷ್ಟು ಹೊತ್ತು ಬೇಕಿತ್ತು? ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ದೊಡ್ಡಪ್ಪ ಹೋದ ದಿನವೂ ಅರ್ಧಕ್ಕೆ ನಿಂತ ಸಿನಿಮಾ ಅವರ ಎದೆ ಮೇಲಿತ್ತು.

ಆಮೇಲೆ ವಾರವೂ ಆಗಿರಲಿಲ್ಲ... ವರದಿ ಬೆಳಗ್ಗೆಗೇ ಬೇಕು ಅಂತ ಆಫೀಸಿಂದ ತಾಕೀತು. ಅಣ್ಣ ರಾತ್ರಿ ಮನೆಗೆ ಬರ್ತಾ, ಬಾವಿ ಹತ್ತಿರ ನಿಂತು, ಕೊನೇ ಸಲ ನೋಡಿಬಿಡೋಣ ಅಂತ ಆ್ಯಪ್ ತೆರೆದ.

'ಇನ್ನೊಂದು ಫೋನಿನಲ್ಲಿ ಸಿನಿಮಾ ಓಡುತ್ತಿದೆ. ಅಲ್ಲಿ ನಿಲ್ಲಿಸಲೇ?'

ಬೆರಳಿಗೆ ಅಭ್ಯಾಸ ಆಗಿಹೋಗಿತ್ತು ನೋಡಿ... ಒತ್ತಿಬಿಟ್ಟ.

ಬಾವಿ ಗಡಗಡೆ ಕಿರ್ರ್... ಅಂತು. ಅದಕ್ಕೆ ಹಗ್ಗವೇ ಇರಲಿಲ್ಲ. ಆಮೇಲೆ ಬೆನ್ನ ಹಿಂದೆ ಗೊರಗೊರ ಉಸಿರು.

"ಇನ್ನು ಸ್ವಲ್ಪವೇ ಇತ್ತಲ್ಲೋ... ಅವಳು ಬಾಗಿಲ ತನಕ ಬಂದಿದ್ಲು."

"ಅಪ್ಪಾ..."

"ಇರ್ಲಿ ಬಿಡು. ನೀನೇ ನೋಡ್ಕೋ."

ಓಡಿ ಬಂದು ನಮ್ಮನೆ ಬಾಗಿಲು ಧಬಧಬ ಬಡಿದ. ಗಳಗಳ ಅಳ್ತಾ ನಡೆದದ್ದನ್ನೆಲ್ಲ ಹೇಳಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ನಾನು ಸಮಾಧಾನ ಮಾಡೋಕೆ ಹೋಗಲಿಲ್ಲ. ಓಡ್ತಿದ್ದ ಆ ಇನ್ನೊಂದು ಫೋನು ನೋಡೋಣ ಅಂತ ಇಬ್ಬರೂ ಅವರ ಮನೆಗೆ ಹೋದ್ವಿ.

ದೊಡ್ಡಪ್ಪನ ಹಳೇ ಫೋನು ಬೀರುವಿನಲ್ಲಿತ್ತು. ಬೀಗ ಹಾಕಿತ್ತು, ಅತ್ತಿಗೆ ಎದ್ದು ಬಂದು ತೆಗೆದುಕೊಟ್ರು. ಬ್ಯಾಟರಿ ಉಬ್ಬಿಕೊಂಡಿತ್ತು ಅಂತ ದೊಡ್ಡಪ್ಪ ಹೋದ ಮಾರನೇ ದಿನವೇ ಕಿತ್ತು ಎಸೆದಿದ್ರಂತೆ. ಹಿಂದಿನ ಮುಚ್ಚಳ ತೆಗೆದು ತೋರಿಸಿದ್ರು, ಖಾಲಿ.

ನಂಬಿ, ಬಿಡಿ. ನಾನು ಇದೇ ಕೈಲಿ ಹಿಡ್ಕೊಂಡು ನೋಡಿದೀನಿ... ಫೋನು ಬಿಸಿಯಾಗಿತ್ತು.