ಹಸಿರು ದಾರದ ಕಟ್ಟು

ಹಲೋ... ಯಾರು ಮಾತಾಡ್ತಿರೋದು? ಟೈಲರ್ ಅಂಗಡೀನೇ ಅಲ್ವಾ?...

ಓ, ನೀನಾ ಪಟಾಕಿ! ನಾನಮ್ಮ, ಲೈಬ್ರರಿ ಆಂಟಿ. ತಾತ ಎಲ್ಲಿ?... ಅಳತೆ ತಗೋತಿದಾರಾ? ಸರಿ, ನೀನೇ ಕೇಳಿಸ್ಕೋ. ಶನಿವಾರ ಇಬ್ಬರೂ ಒಂದೊಂದು ಹೊಸ ಪುಸ್ತಕ ತಗೊಂಡು ಹೋದ್ರಲ್ಲ, ಪೇಪರ್ ಸುತ್ತಿದ್ದು? ತಾತಂದು ಓದಾಯ್ತಾ? ಹಲ್ಲಿನ ಡಾಕ್ಟ್ರು ಅದಕ್ಕೇ ಕಾಯ್ಕೊಂಡು ನನ್ನೆದುರಿಗೇ ಕೂತಿದಾರೆ...

ಯಾವುದಾ? ಇರುವೆಗಳ ಬಗ್ಗೆ, ಮುನ್ನೂರು ಪುಟದ್ದು...

ನಿನ್ನ ಹತ್ರ ಇದೆಯಾ?! ನಿಂಗೆ ಕತ್ತೆ ಕಥೆ ಅಲ್ವೇನೇ ಕೊಟ್ಟಿದ್ದು? ಹಸಿರು ದಾರ ಮಕ್ಕಳಿಗೆ, ಕೆಂಪು ದಾರ ದೊಡ್ಡೋರಿಗೆ. ಮುಖಪುಟ ನೋಡೇ ಮೂಗು ಮುರೀತೀರ ಅಂತ ಪೇಪರ್ ಸುತ್ತಿ, ಮೇಲೆ ಒಂದೇ ಒಂದು ಸಾಲು ಬರೆದಿದ್ದೆ... ಸಾಲು ಓದ್ಲೇ ಇಲ್ವಾ? ದಾರ ನೋಡಿ ಹರಿದೇಬಿಟ್ಯಾ? ಅಯ್ಯೋ ದೇವರೇ. ಅದು ದೊಡ್ಡೋರ ಪುಸ್ತಕ ಕಣೇ, ಕಥೆ ಅಲ್ಲ. ಈಗಲೇ ತಂದುಕೊಡು...

ಕೊಡಲ್ವಾ? ಯಾಕೆ?...

ಓದ್ತಿದೀಯಾ? ನೀನು? ಎರಡನೇ ಪುಟಕ್ಕೇ ಆಕಳಿಸೋಳು! ಮೂರು ಪುಸ್ತಕ ಅರ್ಧಕ್ಕೇ ವಾಪಸ್ ತಂದು, 'ನಂಗೆ ಓದೋದು ಬರೋದೇ ಇಲ್ಲ' ಅಂತ ಇದೇ ಮೇಜಿನ ಮುಂದೆ ಅತ್ತೋಳು ನೀನೇ ಅಲ್ವಾ?... ಅದಕ್ಕೇ ವಾರವೆಲ್ಲಾ ಹುಡುಕಿ ಆ ಕತ್ತೆ ತರಿಸಿದ್ದೆ ಕಣಮ್ಮ. ಇದೂ ಕೈ ಕೊಟ್ರೆ ನೀನು ಪುಸ್ತಕದ ಕಡೆ ತಲೆ ಹಾಕಿನೂ ಮಲಗಲ್ಲ ಅಂತ ಹೆದರಿದ್ದೆ ನಾನು...

ಎಷ್ಟು ಪುಟ ಆಯ್ತು?... ಇನ್ನೂರ ಎಂಬತ್ತಾ! ಬರೀ ಬುರುಡೆ. ಎಲ್ಲಿ, ಒಂದು ವಿಷಯ ಹೇಳು ನೋಡೋಣ... ಹಾಂ... ಹಾಂ... ದುಡಿಯೋ ಇರುವೆ ಎಲ್ಲಾ ಹೆಣ್ಣೇನಾ? ಮತ್ತೆ ಗಂಡಿರುವೆ?... ಏನೂ ಕೆಲಸ ಮಾಡಲ್ವಾ! ಡಾಕ್ಟ್ರೇ, ಕೇಳಿಸ್ತಾ?...

ಅದಿರಲಿ, ಕತ್ತೆ ಎಲ್ಲಿ?... ತಾತನ ಹತ್ರಾನಾ? ಹೊಲಿಗೆ ಮೆಷಿನ್ ಕೆಳಗೆ ಬಚ್ಚಿಟ್ಕೊಂಡು ಓದ್ತಾರಾ?... ತಾಳು, ತಾಳು. ಮೇಲಿನ ಸಾಲು ಓದಿ ದಾರ ಬದಲಾಯಿಸಿ ಕಟ್ಟಿದ್ದು ಅವರೇನಾ?... ಮಕ್ಕಳ ಪುಸ್ತಕ ಕೇಳೋಕೆ ನಾಚಿಕೆ ಆಯ್ತಂತಾ! ಚೆನ್ನಾಗಿದೆ! ಬರಲಿ, ನಾನೂ ಅವರ ಅಳತೆ ತಗೋತೀನಿ... ಇಲ್ಲ ಕಣೇ, ಬೈಯಲ್ಲ. ಅವರು ಹೀಗೆ ಮಾಡ್ದೇ ಇದ್ದಿದ್ರೆ ನಿನ್ನ ಕೈಗೆ ಇರುವೆ ನಾನಂತೂ ಕೊಡ್ತಿರ್ಲಿಲ್ಲ. ತಪ್ಪು ನಂದೇ...

ಏನಂದೆ? ಡಾಕ್ಟ್ರಾ?... ಕಾಯ್ತಾರೆ ಬಿಡು. ಅಲ್ವಾ ಡಾಕ್ಟ್ರೇ? ತಲೆ ಆಡಿಸ್ತಿದಾರೆ. ನೀನು ನಿಧಾನಕ್ಕೆ ಮುಗಿಸು. ನಂಗೆಷ್ಟು ಖುಷಿಯಾಯ್ತು ಗೊತ್ತಾ, ಪಟಾಕಿ? ಇಲ್ಲಿ ಜೇನುಹುಳದ ಬಗ್ಗೆನೂ ಒಂದು ಹೊಸದು ಬಂದಿದೆ, ಆಮೇಲೆ ಹಾವಿಂದೂ ಒಂದು...

ಹಾಂ? ಏನು?... ನಾನು ಮಾತಾಡ್ತಾ ಇದ್ರೆ ನಿಂಗೆ ಓದೋಕಾಗ್ತಿಲ್ವಾ?...

ಸರಿ ಮಹಾತಾಯಿ, ಇಡ್ತೀ...

ಹಲೋ?... ಹಲೋ?...